ಮುಂಬಯಿಯಲ್ಲಿ ಐದು ಜನಕ್ಕೊಂದು ಕೋಣೆ

ಮುಂಬಯಿಗೆ ಹೊರಟವರು ಹೋಟೆಲ್ ಹುಡುಕುವಾಗ ಮೊದಲು ಬಾಡಿಗೆ ನೋಡುತ್ತಾರೆ. ನಾವು ಮೊದಲು ನೋಡಬೇಕಾದದ್ದು ಅತ್ತೆಯವರ ಮೊಣಕಾಲು. ಎಪ್ಪತ್ತು ದಾಟಿದ ಅವರು ಸಮನೆಲದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಮೆಟ್ಟಿಲು ಕಂಡರೆ ಮಾತ್ರ ನಿಂತುಬಿಡುತ್ತಾರೆ. ಅವರ ಜೊತೆ ಮನೆಯವರು, ನಾನು, ಎಂಟನೆಯ ತರಗತಿಯ ಮಗಳು, ಎರಡನೆಯ ತರಗತಿಯ ಮಗ. ಐದು ಜನರೆಂದರೆ ಹೋಟೆಲಿನವರ ಲೆಕ್ಕಕ್ಕೆ ಹೊಂದದ ಸಂಖ್ಯೆ. ಒಂದು ಕೋಣೆಗೆ ಹೆಚ್ಚು, ಎರಡು ಕೋಣೆಗೆ ಕಡಿಮೆ.

‘ವಸತಿಗೆ ದಿನಕ್ಕೆ ₹4,000, ತೆರಿಗೆಯೂ ಅದರೊಳಗೇ’ ಎಂದು ಮನೆಯವರು ಹೇಳಿ ಕೈತೊಳೆದುಕೊಂಡರು. ನಾನು ಕಾಲೇಜೊಂದರ ಲೆಕ್ಕಪತ್ರ ವಿಭಾಗದಲ್ಲಿರುವವಳು. ಇಷ್ಟರೊಳಗೆ ಮುಗಿಸು ಎಂದರೆ ಮುಗಿಸುವುದು ನನ್ನ ದಿನನಿತ್ಯದ ಕಸುಬು, ಆದ್ದರಿಂದ ಹುಡುಕಾಟ ನನ್ನ ಪಾಲಿಗೆ ಬಂತು.

ಸುದ್ದಿ ತಿಳಿದೊಡನೆ ಡೊಂಬಿವಲಿಯಿಂದ ಮನೆಯವರ ಚಿಕ್ಕಮ್ಮನ ಮಗ ಫೋನ್ ಮಾಡಿದ. ‘ಹೋಟೆಲ್ ಏಕೆ ವೈನಿ, ನಮ್ಮ ಮನೆ ಇಲ್ಲವೇ?’ ಅವನ ಮನೆಯಲ್ಲಿ ಮಲಗುವ ಕೋಣೆ ಒಂದು, ಹಾಲ್ ಒಂದು, ಆಗಲೇ ನಾಲ್ಕು ಜನ. ಅಲ್ಲಿಂದ ದಕ್ಷಿಣ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ (ಸಿಎಸ್‌ಎಂಟಿ) ಲೋಕಲ್‌ನಲ್ಲಿ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ, ಅದೂ ಗಾಡಿಯೊಳಗೆ ಕಾಲಿಡಲು ಸಾಧ್ಯವಾದರೆ. ‘ಒಂದು ಹೊತ್ತು ಊಟಕ್ಕೆ ಖಂಡಿತ ಬರುತ್ತೇವೆ’ ಎಂದೆ. ಅವನು ಮತ್ತೆ ಒತ್ತಾಯಿಸಲಿಲ್ಲ. ಅವನ ಹೆಂಡತಿ ಹಿಂದಿನಿಂದ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು ಎಂದು ಮನೆಯವರಿಗೆ ಹೇಳಿದರೆ ಅವರು ಒಪ್ಪುವುದಿಲ್ಲ.

ರೈಲು ಟಿಕೆಟ್ ಮೊದಲೇ ಆಗಿತ್ತು. ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆಯಲ್ಲ, ಅಕ್ಟೋಬರ್‌ನಲ್ಲಿ ಆ ದಿನ ಬಂದ ತಕ್ಷಣ ಹುಬ್ಬಳ್ಳಿ–ದಾದರ್ ಎಕ್ಸ್‌ಪ್ರೆಸ್‌ಗೆ ಐದು ಬರ್ತ್ ಹಿಡಿದೆವು. 2025ರ ಡಿಸೆಂಬರ್ 19ರ ಶುಕ್ರವಾರ ಮಧ್ಯಾಹ್ನ ಧಾರವಾಡದಲ್ಲಿ ಹತ್ತಿದರೆ ಶನಿವಾರ ಬೆಳಗಿನ ಜಾವ ದಾದರ್. ಮಂಗಳವಾರ ರಾತ್ರಿ ಅದೇ ಗಾಡಿಯಲ್ಲಿ ವಾಪಸು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಬೇಕೆಂದೇ ಬಿಟ್ಟೆವು. ಆ ವಾರದ ದರ ನೋಡಿದವರಿಗೆ ಕಾರಣ ವಿವರಿಸಬೇಕಾಗಿಲ್ಲ. ಡಿಸೆಂಬರ್ ಮೊದಲ ವಾರವೂ ದಾದರ್ ಕಡೆ ಬೇಡ. ಆರನೆಯ ತಾರೀಖು ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನ, ಅಲ್ಲಿನ ಅವರ ಸ್ಮಾರಕ ಚೈತ್ಯಭೂಮಿಗೆ ಲಕ್ಷಾಂತರ ಜನ ಬರುತ್ತಾರೆ.

ಈ ಬೆಳಗಿನ ಜಾವವೇ ಹುಡುಕಾಟವನ್ನೆಲ್ಲ ಆಳಿತು. ಬುಕಿಂಗ್ ತಾಣಗಳಲ್ಲಿ ಕಾಣುವ ಹೋಟೆಲ್‌ಗಳು ಮಧ್ಯಾಹ್ನ ಹನ್ನೆರಡಕ್ಕೋ ಎರಡಕ್ಕೋ ಕೋಣೆ ಕೊಡುತ್ತವೆ. ಆರು ಗಂಟೆಗೆ ಇಳಿದು, ಮುದುಕಿ ಮತ್ತು ಮಕ್ಕಳನ್ನು ಕಟ್ಟಿಕೊಂಡು ಎಂಟು ಗಂಟೆ ಎಲ್ಲಿ ಕೂರುವುದು? ಬೇಗ ಬೇಕೆಂದರೆ ಒಂದು ದಿನದ ಬಾಡಿಗೆ ಹೆಚ್ಚು ಕೊಡಬೇಕು. ಆಗ ₹3,000ದ ಕೋಣೆ ಮೂರು ರಾತ್ರಿಗೆ ₹12,000 ಆಗುತ್ತದೆ. ರೈಲ್ವೆಯ ವಿಶ್ರಾಂತಿ ಕೊಠಡಿಯನ್ನೂ ನೋಡಿದೆ. ಟಿಕೆಟ್‌ನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಕಾಯ್ದಿರಿಸಬಹುದು, ದರವೂ ಕಡಿಮೆ, ಆದರೆ ನಮ್ಮ ದಿನಗಳಿಗೆ ಖಾಲಿ ಇರಲಿಲ್ಲ.

ಇನ್ನು ಊರಿನ ಯಾವ ಮೂಲೆ ಎಂಬ ಪ್ರಶ್ನೆ. ಎಲ್ಲರೂ ಹೇಳುವುದು ಕೊಲಾಬಾ. ಗೇಟ್‌ವೇ ಪಕ್ಕ, ಸಮುದ್ರ ಪಕ್ಕ. ಅಲ್ಲಿನ ಅಗ್ಗದ ಗೆಸ್ಟ್ ಹೌಸ್‌ಗಳು ಹಳೆಯ ಕಟ್ಟಡಗಳ ಮೂರನೆಯ, ನಾಲ್ಕನೆಯ ಮಹಡಿಯಲ್ಲಿವೆ. ‘ಲಿಫ್ಟ್ ಇದೆಯೇ?’ ಎಂದು ಕೇಳಿದರೆ ‘ಇದೆ, ಆದರೆ ಎರಡನೆಯ ಮಹಡಿಯಿಂದ’ ಎಂಬ ಉತ್ತರ ಒಂದು ಕಡೆ ಬಂತು. ಎರಡನೆಯ ಮಹಡಿಯವರೆಗೆ ಹೇಗೆ ಎಂದು ಕೇಳಲು ನನಗೆ ಮನಸ್ಸಾಗಲಿಲ್ಲ. ಫೋರ್ಟ್ ಕಡೆ ಸಿಎಸ್‌ಎಂಟಿಯ ಎದುರು ಲಾಡ್ಜ್‌ಗಳಿಗೆ ಬರವಿಲ್ಲ. ಇಬ್ಬರ ಕೋಣೆ ₹2,200ಕ್ಕೇ ಸಿಗುತ್ತದೆ. ಅವುಗಳಲ್ಲಿ ಬಹಳಷ್ಟಕ್ಕೆ ಕಿಟಕಿಯೇ ಇಲ್ಲ. ಇದೆ ಎಂದವರನ್ನು ‘ಎಲ್ಲಿಗೆ ತೆರೆಯುತ್ತದೆ?’ ಎಂದು ಕೇಳಿದರೆ ‘ಡಕ್ಟ್‌ಗೆ’ ಎನ್ನುತ್ತಾರೆ, ಅಂದರೆ ಪೈಪುಗಳೂ ಪಾರಿವಾಳಗಳೂ ಇರುವ ಕಟ್ಟಡದ ಹೊಟ್ಟೆಯೊಳಕ್ಕೆ.

ಅಂಧೇರಿ ಪೂರ್ವದಲ್ಲಿ ಕಚೇರಿ ಕೆಲಸಕ್ಕೆ ಬರುವವರ ಹೋಟೆಲ್‌ಗಳಿವೆ. ಶನಿವಾರ, ಭಾನುವಾರ ಅಲ್ಲಿ ದರ ಇಳಿಯುತ್ತದೆ, ಸೋಮವಾರ ಮತ್ತೆ ಏರುತ್ತದೆ. ಇಬ್ಬರೇ ಆಗಿದ್ದರೆ ನಾನು ಅಲ್ಲಿಗೇ ಹೋಗುತ್ತಿದ್ದೆ. ನವಿ ಮುಂಬಯಿಯ ವಾಶಿಯಲ್ಲಿ ₹2,800ಕ್ಕೆ ನಮ್ಮ ಮನೆಯ ಹಾಲ್‌ನಷ್ಟು ದೊಡ್ಡ ಕೋಣೆ ಸಿಗುತ್ತಿತ್ತು. ಆದರೆ ಮಕ್ಕಳು ನೋಡಬೇಕೆಂದದ್ದೆಲ್ಲ ದಕ್ಷಿಣ ಮತ್ತು ಮಧ್ಯ ಮುಂಬಯಿಯಲ್ಲಿ: ಎಲಿಫೆಂಟಾ, ರಾಣಿ ಬಾಗ್ ಮೃಗಾಲಯದ ಪೆಂಗ್ವಿನ್‌ಗಳು, ನೆಹರೂ ವಿಜ್ಞಾನ ಕೇಂದ್ರ. ಅತ್ತೆಗೆ ಸಿದ್ಧಿವಿನಾಯಕ. ವಾಶಿಯಿಂದ ಸಿಎಸ್‌ಎಂಟಿಗೆ ಹಾರ್ಬರ್ ಲೈನಿನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. ಟಿಕೆಟ್ ಅಗ್ಗ, ನಿಜ. ಬೆಳಗ್ಗೆ ಒಂದು ಸಲ ಹೋಗಿ ಸಂಜೆಯವರೆಗೆ ಯಾರೂ ಮಲಗಲು ವಾಪಸು ಬರಲಾಗದು ಎಂಬುದು ಅದರ ನಿಜವಾದ ಬೆಲೆ. ಮಧ್ಯಾಹ್ನ ಒಂದು ತಾಸು ಕಾಲು ಚಾಚದಿದ್ದರೆ ಅತ್ತೆಯವರ ಮರುದಿನ ಕೆಡುತ್ತದೆ.

ಟ್ಯಾಕ್ಸಿಯಲ್ಲಿ ಓಡಾಡಿದರಾಯಿತು ಎಂದು ಮನೆಯವರು. ಕಾಲಿ–ಪೀಲಿ, ಅಂದರೆ ಕಪ್ಪು–ಹಳದಿ ಬಣ್ಣದ ಟ್ಯಾಕ್ಸಿಯಲ್ಲಿ ನಾಲ್ಕು ಜನಕ್ಕೆ ಮಾತ್ರ ಅವಕಾಶ. ಆಟೋದಲ್ಲಿ ಮೂವರು, ಆಟೋ ಬಾಂದ್ರಾ ಮತ್ತು ಸಾಯನ್‌ನಿಂದ ದಕ್ಷಿಣಕ್ಕೆ ಬರುವಂತೆಯೂ ಇಲ್ಲ. ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ ಎಂದರೆ ಕೆಲವು ಚಾಲಕರು ಒಪ್ಪುತ್ತಾರೆ, ಕೆಲವರು ಪೊಲೀಸರ ಕಡೆ ಕೈ ತೋರಿಸುತ್ತಾರೆ. ಕನಿಷ್ಠ ದರ ₹31 ಮಾತ್ರ, 2025ರ ಫೆಬ್ರುವರಿಯಿಂದ; ಹತ್ತಿರದ ಓಡಾಟಕ್ಕೆ ಎರಡು ಟ್ಯಾಕ್ಸಿ ಮಾಡಿದರೂ ಹೊರೆಯಲ್ಲ. ದೂರವಾದರೆ ಆ ಎರಡು ಟ್ಯಾಕ್ಸಿಗಳೇ ಇನ್ನೊಂದು ಕೋಣೆಯ ಬಾಡಿಗೆ.

ಹೀಗೆ ಸೋಸಿ ಉಳಿದದ್ದು ದಾದರ್ ಪೂರ್ವ ಮತ್ತು ಅದಕ್ಕೆ ಅಂಟಿಕೊಂಡ ಮಾಟುಂಗಾ. ನಕ್ಷೆ ಹರಡಿ ನೋಡಿದರೆ ಇದರ ಗುಟ್ಟು ತಿಳಿಯುತ್ತದೆ. ಸೆಂಟ್ರಲ್ ಮತ್ತು ವೆಸ್ಟರ್ನ್ ಎರಡೂ ಮಾರ್ಗಗಳು ದಾದರ್‌ನಲ್ಲಿ ಕೂಡುತ್ತವೆ. ಹಾರ್ಬರ್ ಮಾರ್ಗಕ್ಕೆ ಕಿಂಗ್ಸ್ ಸರ್ಕಲ್ ಇದೆ. ಭಾನುವಾರ ಹಳಿ ದುರಸ್ತಿಗೆಂದು ಒಂದು ಮಾರ್ಗದಲ್ಲಿ ಮೆಗಾ ಬ್ಲಾಕ್ ಘೋಷಿಸಿದರೆ ಇನ್ನೊಂದು ಕೈಗೆ ಸಿಗುತ್ತದೆ. ಭಾನುವಾರ ಊರು ನೋಡುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಜೊತೆಗೆ ಆರೆಯಿಂದ ಕಫ್ ಪರೇಡ್‌ವರೆಗಿನ ಮೆಟ್ರೊ 3, 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ತೆರೆದಿದೆ. ದಾದರ್, ಸಿದ್ಧಿವಿನಾಯಕ, ವಿಜ್ಞಾನ ಕೇಂದ್ರ, ಸಿಎಸ್‌ಎಂಟಿ ಎಲ್ಲವೂ ಅದರ ನಿಲ್ದಾಣಗಳು, ಎಲ್ಲ ಕಡೆ ಲಿಫ್ಟ್. ನಮ್ಮ ಪ್ರವಾಸಕ್ಕೆಂದೇ ಸುರಂಗ ತೋಡಿದ ಹಾಗಿತ್ತು. ಒಂದೇ ಕೊರತೆ, ದಾದರ್ ಮೆಟ್ರೊ ನಿಲ್ದಾಣ ಹಳಿಯ ಪಶ್ಚಿಮಕ್ಕಿದೆ.

ಈ ಪೂರ್ವ–ಪಶ್ಚಿಮವನ್ನು ಹೊರಗಿನವರು ಲಘುವಾಗಿ ತೆಗೆದುಕೊಳ್ಳುತ್ತಾರೆ. ತಾಣದಲ್ಲಿ ‘ನಿಲ್ದಾಣದಿಂದ 400 ಮೀಟರ್’ ಎಂದಿರುತ್ತದೆ. ಅದು ಕಾಗೆ ಹಾರುವ ದೂರ. ನಡುವೆ ಹಳಿಗಳಿದ್ದರೆ ಮನುಷ್ಯರು ಪಾದಚಾರಿ ಸೇತುವೆ ಹತ್ತಿ ಇಳಿಯಬೇಕು. ವಾಹನಕ್ಕಾದರೆ ತಿಲಕ್ ಸೇತುವೆ. ಪ್ರಭಾದೇವಿಯ ಎಲ್ಫಿನ್‌ಸ್ಟನ್ ಸೇತುವೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದ ಮೇಲೆ ಅದರ ದಟ್ಟಣೆಯೂ ಸೇರಿ ಅಲ್ಲಿ ಟ್ಯಾಕ್ಸಿಗಳು ಸಾಲುಗಟ್ಟುತ್ತವೆ. ನಮ್ಮ ರೈಲು ನಿಲ್ಲುವುದು ಸೆಂಟ್ರಲ್ ಕಡೆ, ಅಂದರೆ ಪೂರ್ವ. ಆದ್ದರಿಂದ ಹೋಟೆಲ್ ಪೂರ್ವದಲ್ಲೇ ಎಂದು ಖಚಿತ ಮಾಡಿಕೊಂಡೆ.

ಚಿತ್ರಗಳನ್ನು ನಂಬುವುದು ಹೇಗೆ? ಎಲ್ಲ ಕೋಣೆಗಳನ್ನೂ ಮೂಲೆಯಲ್ಲಿ ನಿಂತು ಅಗಲ ಲೆನ್ಸ್‌ನಲ್ಲಿ ತೆಗೆದಿರುತ್ತಾರೆ. ಮಂಚದ ಪಕ್ಕದ ಗೇಣಗಲದ ಜಾಗವೂ ಮೈದಾನದಂತೆ ಕಾಣುತ್ತದೆ. ಇದಕ್ಕೆ ಉಪಾಯ ಕಂಡುಹಿಡಿದವಳು ಮಗಳು. ಈಗಿನ ನೆಲಕ್ಕೆ ಹಾಕುವ ಟೈಲ್ಸ್ ಹೆಚ್ಚಾಗಿ ಎರಡಡಿಗೆ ಎರಡಡಿ. ಚಿತ್ರವನ್ನು ದೊಡ್ಡದು ಮಾಡಿ ಬಾಗಿಲಿನಿಂದ ಎದುರು ಗೋಡೆಯವರೆಗಿನ ಟೈಲ್ಸ್ ಎಣಿಸಿದಳು. ಐದು. ಅಡ್ಡಕ್ಕೆ ನಾಲ್ಕು. ‘ಅಮ್ಮಾ, ಹತ್ತಡಿಗೆ ಎಂಟಡಿ. ಇದಕ್ಕೆ ಫ್ಯಾಮಿಲಿ ರೂಮ್ ಎಂದು ಬರೆದಿದ್ದಾರೆ.’ ಅಲ್ಲಿಂದ ಮುಂದೆ ಅವಳು ಎಣಿಸುವುದು, ನಾನು ಹೊಡೆದುಹಾಕುವುದು. ಅನಿಸಿಕೆಗಳಲ್ಲಿ ಐದು ನಕ್ಷತ್ರದವನ್ನು ಓದಲು ಹೋಗಲಿಲ್ಲ. ಎರಡು–ಮೂರು ನಕ್ಷತ್ರ ಕೊಟ್ಟವರೇ ವಿವರವಾಗಿ ಬರೆಯುತ್ತಾರೆ. ಅಲ್ಲಿ ನಾನು ಹುಡುಕುತ್ತಿದ್ದದ್ದು ತಿಗಣೆ, ಬಿಸಿನೀರು, ಲಿಫ್ಟ್.

ತಾಣಗಳ ಇನ್ನೊಂದು ಚಮತ್ಕಾರ, ಪಟ್ಟಿಯಲ್ಲಿ ಕಾಣುವ ದರ ಇಬ್ಬರದ್ದು ಮತ್ತು ತೆರಿಗೆ ಬಿಟ್ಟದ್ದು. ಐದು ಜನ ಎಂದು ತುಂಬಿದ ಕೂಡಲೇ ಅದು ತಾನಾಗಿ ಎರಡು ಕೋಣೆ ಮಾಡುತ್ತದೆ. ಫೋನಿನಲ್ಲಿ ಮಾತಾಡಿದರೆ ಅದೇ ಹೋಟೆಲಿನವರು ಮೂರು–ನಾಲ್ಕು ಮಂಚದ ಕೋಣೆ ಇದೆ ಎನ್ನುತ್ತಾರೆ. ಹಾಗಾಗಿ ತಾಣದಲ್ಲಿ ಹೆಸರು ಹಿಡಿದು, ನಂಬರ್ ಹುಡುಕಿ, ನೇರವಾಗಿ ಕೇಳುವುದು ನನ್ನ ರೀತಿಯಾಯಿತು. ಇಲ್ಲಿ ಎಚ್ಚರ ಬೇಕು. ಹೀಗೆ ಸಿಕ್ಕ ಒಂದು ನಂಬರಿನವನು ಹೋಟೆಲಿನ ಹೆಸರು ಹೇಳುವ ಮೊದಲೇ ಕ್ಯೂಆರ್ ಕೋಡ್ ಕಳುಹಿಸಿ, ಪೂರ್ತಿ ಹಣ ಹಾಕಿದರೆ ನಲವತ್ತು ಶೇಕಡಾ ರಿಯಾಯಿತಿ ಎಂದ. ಹಣ ಹೋಗಬೇಕಾದ ಖಾತೆಯಲ್ಲಿ ಯಾರೋ ವ್ಯಕ್ತಿಯ ಹೆಸರಿತ್ತು. ‘ನಿಮ್ಮ ಹೋಟೆಲಿನ ಎದುರು ಏನಿದೆ?’ ಎಂದು ಕೇಳಿದೆ. ಸ್ವಲ್ಪ ತಡೆದು ‘ರಸ್ತೆ’ ಎಂದ. ಅಂಥವರಿಗೆ ಹಣ ಹೋಗಿಬಿಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಕರೆ ಮಾಡಬೇಕು. ತಡಮಾಡಿದಷ್ಟು ಹಣ ಕೈಯಿಂದ ಕೈಗೆ ದಾಟುತ್ತದೆ.

ದಾದರ್ ಪೂರ್ವದ ಲಾಡ್ಜ್‌ಗಳಿಗೆ ಹಿಂದಿ, ಮರಾಠಿ ಬೆರೆಸಿ ಫೋನ್ ಮಾಡುತ್ತಿದ್ದಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಬಂತು: ‘ಪೇಷಂಟ್ ಯಾರು?’ ಮೊದಲು ಅರ್ಥವಾಗಲಿಲ್ಲ. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ ಅಲ್ಲಿಗೆ ಹತ್ತಿರ. ದೇಶದ ಎಲ್ಲ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಬಂದವರು ವಾರಗಟ್ಟಲೆ ಈ ಸುತ್ತಿನಲ್ಲೇ ಉಳಿಯುತ್ತಾರೆ. ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆ ಅವರಿಗಾಗಿಯೇ ಇರುವಂಥದ್ದು, ಅಲ್ಲಿ ಜಾಗ ಸಾಲದವರು ಲಾಡ್ಜ್‌ಗೆ ಬರುತ್ತಾರೆ. ಒಬ್ಬ ವ್ಯವಸ್ಥಾಪಕ ₹1,500ಕ್ಕೆ ಕೋಣೆ ಇದೆ ಎಂದ, ‘ಆದರೆ ಅದು ಆಸ್ಪತ್ರೆಯ ಕಾಗದ ತೋರಿಸಿದವರಿಗೆ’ ಎಂದ. ಅತ್ತೆಯವರ ಮೊಣಕಾಲಿನ ಎಕ್ಸ್‌ರೇ ತೋರಿಸೋಣವೇ ಎಂದು ಮನೆಯವರು ನಗೆಯಾಡಿದರು. ಅತ್ತೆ ನಗಲಿಲ್ಲ. ‘ಅವರ ಜಾಗ ಅವರಿಗಿರಲಿ. ಪರೇಲ್ ಬಿಟ್ಟು ಈಚೆ ನೋಡು’ ಎಂದರು. ನೋಡಿದೆ. ಹುಡುಕಾಟ ಮಾಟುಂಗಾದ ಕಡೆ ಸರಿಯಿತು.

ಮಾಟುಂಗಾದಲ್ಲಿ ಫೋನ್ ಎತ್ತಿದವರು ‘ಹಲೋ’ ಎಂದ ಧಾಟಿಯಲ್ಲೇ ಕರಾವಳಿ ಕೇಳಿಸಿತು. ಕನ್ನಡದಲ್ಲೇ ಮಾತಾಡಿದೆ. ಹೆಬ್ರಿ ಕಡೆಯವರು, ಬಹಳ ವರ್ಷದಿಂದ ಅದೇ ಗಲ್ಲಾದಲ್ಲಿ. ‘ಟಾಟಾಕ್ಕೆ ಬರುವುದೋ, ಸುಮ್ಮನೆ ಬರುವುದೋ?’ ಸುಮ್ಮನೆ ಎಂದೆ. ‘ಹಾಗಾದರೆ ಸಂತೋಷ’ ಎಂದರು. ನಾಲ್ಕು ಮಂಚದ ಕೋಣೆ ಎರಡನೆಯ ಮಹಡಿಯಲ್ಲಿ, ಲಿಫ್ಟ್ ನೆಲಮಹಡಿಯಿಂದಲೇ, ಬಾಗಿಲಿಗೆ ಮೂರು ಮೆಟ್ಟಿಲು. ಬಾಡಿಗೆ ₹3,600, ಹೆಚ್ಚುವರಿ ಹಾಸಿಗೆಗೆ ₹300. ನಾನು ಮುಖ್ಯ ಪ್ರಶ್ನೆ ಕೇಳಿದೆ, ಚೆಕ್‌ಔಟ್ ಹೇಗೆ? ‘ನಮ್ಮದು ಹಳೆಯ ಕ್ರಮ ಮಾರಾಯರೇ, ಇಪ್ಪತ್ತನಾಲ್ಕು ಗಂಟೆ. ನೀವು ಬಂದ ಗಂಟೆಯಿಂದ ಲೆಕ್ಕ.’ ಬೆಳಗಿನ ಜಾವ ಇಳಿಯುವವರಿಗೆ ಇದಕ್ಕಿಂತ ದೊಡ್ಡ ರಿಯಾಯಿತಿ ಇನ್ನೊಂದಿಲ್ಲ. ಹೊಸ ಹೋಟೆಲ್‌ಗಳು ಇದನ್ನು ಕೈಬಿಟ್ಟಿವೆ. ಹಳೆಯ ಲಾಡ್ಜ್‌ಗಳಲ್ಲಿ ಇನ್ನೂ ಉಳಿದಿದೆ. ಬುಕಿಂಗ್ ತಾಣದ ಚೌಕಟ್ಟಿಗೆ ಇದು ಹಿಡಿಸದು, ಆದ್ದರಿಂದ ಅಲ್ಲಿ ಕಾಣುವುದಿಲ್ಲ.

ಕೊನೆಗೆ ತೆರಿಗೆ. ₹3,900ಕ್ಕೆ ಶೇ 12 ಸೇರಿಸಿ ₹4,368 ಎಂದರು. ದಿನಕ್ಕೆ ₹7,500ರವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5 ಮಾತ್ರ ಎಂದು ನೆನಪಿಸಿದೆ. ಪಕ್ಕದವರನ್ನು ಕೇಳಿ, ಹೌದು, ಹಳೆಯ ಪಟ್ಟಿ ನೋಡಿ ಹೇಳಿದೆ ಎಂದರು. ₹4,095. ಮನೆಯವರ ಮಿತಿಗಿಂತ ₹95 ಹೆಚ್ಚು. ಅದನ್ನು ನನ್ನ ಪರ್ಸಿನಿಂದ ಕೊಡುತ್ತೇನೆ ಎಂದು ಹೇಳಿ ವಿಷಯ ಮುಗಿಸಿದೆ. ಒಂದು ದಿನದ ಮುಂಗಡವನ್ನು ಲಾಡ್ಜಿನ ಹೆಸರಿನಲ್ಲಿದ್ದ ಖಾತೆಗೆ ಹಾಕಿ, ದರ, ಮಂಚ, ಹಾಸಿಗೆ, ಇಪ್ಪತ್ತನಾಲ್ಕು ಗಂಟೆ ಎಲ್ಲವನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಂಡೆ. ಆಧಾರ್‌ನ ಪ್ರತಿ ಕಳುಹಿಸಿ ಎಂದಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಕಳುಹಿಸಿದೆ. ತಕರಾರು ಬರಲಿಲ್ಲ.

ದಾದರ್‌ನಲ್ಲಿ ಇಳಿದಾಗ ಇನ್ನೂ ಕತ್ತಲು. ಎರಡು ಟ್ಯಾಕ್ಸಿ ಮಾಡಿದೆವು. ಇಷ್ಟು ಹತ್ತಿರಕ್ಕೆಯೇ ಎಂದು ಇಬ್ಬರೂ ಚಾಲಕರು ಗೊಣಗಿದರು. ಗಲ್ಲಾದ ಮೇಲೆ ಉದ್ದನೆಯ ರಿಜಿಸ್ಟರ್. ಬಂದ ಊರು, ಹೋಗುವ ಊರು, ಬಂದ ಕಾರಣ, ಬಂದ ವೇಳೆ. ಹೆಬ್ರಿಯವರು ಗೋಡೆಯ ಗಡಿಯಾರ ನೋಡಿದರು, ಆರು ಗಂಟೆಗೆ ಹತ್ತು ನಿಮಿಷವಿತ್ತು. ಆಮೇಲೆ ಕುರ್ಚಿಯಲ್ಲಿ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ ಅತ್ತೆಯವರನ್ನು ನೋಡಿದರು. ‘ಎಂಟು ಎಂದು ಬರೆಯುತ್ತೇನೆ ಅಮ್ಮ’ ಎಂದು ಬರೆದೇಬಿಟ್ಟರು. ಎರಡು ಗಂಟೆ ಉಚಿತವಾಗಿ ಸಿಕ್ಕಿತು.

ಕೋಣೆಯ ಬಗ್ಗೆ ಹೇಳುವುದಾದರೆ ಅದು ಚಂದದ ಕೋಣೆಯಲ್ಲ. ಕಬ್ಬಿಣದ ಮಂಚಗಳು ಸಾಲಾಗಿ, ಗೋಡೆಗೆ ತಿಳಿಹಸಿರು ಆಯಿಲ್ ಪೇಂಟ್, ಟಿವಿಯ ರಿಮೋಟಿಗೆ ರಬ್ಬರ್ ಬ್ಯಾಂಡ್. ಕಿಟಕಿ ರಸ್ತೆಗೇ ತೆರೆಯುತ್ತಿತ್ತು, ಹೊರಗೆ ಮರ. ಬಿಸಿನೀರು ಬೆಳಗ್ಗೆ ಆರರಿಂದ ಒಂಬತ್ತು, ಆಮೇಲೆ ಬಕೆಟ್ಟಿಗೆ ಹೇಳಿ ತರಿಸಬೇಕು. ನಾನು ಮೊದಲು ಮಾಡಿದ್ದು ಹಾಸಿಗೆಯ ಹೊಲಿಗೆಗಳನ್ನು ಮೊಬೈಲ್ ಬೆಳಕಿನಲ್ಲಿ ನೋಡಿದ್ದು. ತಿಗಣೆ ಇರುವುದು ಅಲ್ಲೇ, ಮೂಲೆಯ ಮಡಿಕೆಗಳಲ್ಲಿ, ಕಪ್ಪು ಚುಕ್ಕಿಗಳಾಗಿ. ಏನೂ ಕಾಣಲಿಲ್ಲ. ಮಗಳು ಟೈಲ್ಸ್ ಎಣಿಸಿದಳು. ಒಂಬತ್ತಕ್ಕೆ ಆರು.

ಊಟದ ಉಳಿತಾಯವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಾಟುಂಗಾದಲ್ಲಿ ಬಾಡಿಗೆ ಕೊಟ್ಟವರಿಗೆ ಉಡುಪಿ ಹೋಟೆಲ್‌ಗಳು ಸುತ್ತಲೂ ಇವೆ. ಕೆಫೆ ಮದ್ರಾಸ್‌ನ ಮುಂದೆ ಭಾನುವಾರ ಬೆಳಗ್ಗೆ ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾದೆವು, ಮಧ್ಯಾಹ್ನ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಎಲೆ ಊಟ. 1942ರಿಂದ ನಡೆಯುತ್ತಿರುವ ಆ ಬೋರ್ಡಿಂಗ್ ನಿಲ್ದಾಣದ ಎದುರು ಮಹಡಿಯ ಮೇಲಿದೆ. ಮೆಟ್ಟಿಲಿಗೆ ಅತ್ತೆ ಅಂದು ಮಾತ್ರ ರಿಯಾಯಿತಿ ಕೊಟ್ಟರು. ಎಲಿಫೆಂಟಾಕ್ಕೆ ಅವರು ಬರಲಿಲ್ಲ. ಸೋಮವಾರ ಗುಹೆಗಳಿಗೆ ರಜೆ ಎಂದು ನಾವು ಭಾನುವಾರವೇ ಮಧ್ಯಾಹ್ನದ ಊಟವಾದ ಕೂಡಲೇ ಗೇಟ್‌ವೇಗೆ ಓಡಿ ದೋಣಿ ಹಿಡಿದೆವು. ಅವರು ಕೋಣೆಯಲ್ಲಿ ಒಂದು ನಿದ್ದೆ ಮಾಡಿ, ಒಬ್ಬರೇ ಆಸ್ತಿಕ ಸಮಾಜದ ಗುಡಿಗೆ ನಡೆದು ಹೋಗಿ, ಹೂವಿನ ಅಂಗಡಿಯವಳ ಜೊತೆ ಅರ್ಧ ಮರಾಠಿಯಲ್ಲಿ ಚೌಕಾಸಿ ಮಾಡಿ ಬಂದಿದ್ದರು. ವಾಶಿಯ ದೊಡ್ಡ ಕೋಣೆಯಲ್ಲಿ ಉಳಿದಿದ್ದರೆ ಅವರು ಆ ಸಂಜೆ ಟಿವಿ ನೋಡುತ್ತಾ ಕೂತಿರುತ್ತಿದ್ದರು.

ಮಂಗಳವಾರ ಬೆಳಗ್ಗೆ ಎಂಟಕ್ಕೆ ನಮ್ಮ ಮೂರು ದಿನ ಮುಗಿಯಿತು, ರೈಲು ರಾತ್ರಿ. ದಾದರ್‌ನ ಸಾಮಾನು ಕೊಠಡಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಗಳನ್ನು ಟಿಕೆಟ್ ತೋರಿಸಿ ಇಡಬಹುದು, ಅತ್ತೆಯವರನ್ನು ಇಡಲಾಗುವುದಿಲ್ಲ. ಕೋಣೆಯನ್ನು ಸಂಜೆಯವರೆಗೆ ಉಳಿಸಿಕೊಂಡರೆ ಅರ್ಧ ದಿನದ ಲೆಕ್ಕದಲ್ಲಿ ₹1,800 ಎಂದರು ಹೆಬ್ರಿಯವರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗಲ್ಲಾದ ಎದುರಿನ ಕುರ್ಚಿ ಎಳೆದುಕೊಂಡು ಕೂತರು. ‘ತಮ್ಮಾ, ನಾಲ್ಕು ಮಂಚ ನನಗೊಬ್ಬಳಿಗೆ ಏಕೆ? ಇವರೆಲ್ಲ ವಿಜ್ಞಾನ ಕೇಂದ್ರಕ್ಕೆ ಹೋಗುತ್ತಾರೆ. ನನಗೊಂದು ಮಂಚ, ಒಂದು ಫ್ಯಾನ್ ಸಾಕು.’ ನೆಲಮಹಡಿಯಲ್ಲಿ ಒಬ್ಬರ ಸಣ್ಣ ಕೋಣೆ ಖಾಲಿಯಿತ್ತು. ಆರು ಗಂಟೆಯವರೆಗೆ ₹600, ನಮ್ಮ ಪೆಟ್ಟಿಗೆಗಳೂ ಅಲ್ಲೇ. ತೆರಿಗೆ ಸೇರಿಯೇ ಎಂದು ಕೇಳಿ ಖಚಿತ ಮಾಡಿಕೊಂಡದ್ದೂ ಅತ್ತೆಯವರೇ.

ಮೂರು ದಿನದ ₹12,285, ಅದರ ಮೇಲೆ ₹600. ಬಿಲ್ ಮಡಿಚಿ ಪರ್ಸಿಗೆ ಹಾಕಿಕೊಳ್ಳುವಾಗ, ಮೇ ತಿಂಗಳಲ್ಲಿ ಬಂದರೆ ಇದೇ ಕೋಣೆಗೆ ಎಷ್ಟು ಎಂದು ಕೇಳಿದೆ. ‘ಮೇ ತಿಂಗಳಲ್ಲಿ ಯಾರು ಬರುತ್ತಾರೆ ಅಕ್ಕ, ಆ ಸೆಕೆಗೆ ನಾನೇ ಊರಿಗೆ ಹೋಗಿರುತ್ತೇನೆ’ ಎಂದರು. ದರ ಮಾತ್ರ ಹೇಳಲಿಲ್ಲ.